ಎರಡು ಸೇರು ಕಗ್ಗದ ಬೀಜ ಕೇಳಿದ ಅಕ್ಕನಿಗೆ

ಹೋದ ಸಂಚಿಕೆಯಲ್ಲಿ ಕರಾವಳಿಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಬಗ್ಗೆ, ಅಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಎಂಬ ಭತ್ತದ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಸುರಪುರ ತಾಲ್ಲೂಕಿನ ರೈತ ಮಹಿಳೆಯೊಬ್ಬರು ಹೀಗೆ ಬರೆದಿದ್ದಾರೆ:

"ನಮ್ಮದು ನಾಲಾದ ಕೆಳಗಿನ ನಾಲ್ಕು ಎಕರೆ ಎರಿ ಹೊಲ. ಮೊದಲು ಜೋಳ, ತೊಗರಿ ಬೆಳೀತಿದ್ವಿ. ಮ್ಯಾಲಿನವರು ಭತ್ತ ಹಚ್ಚಿದ ಮ್ಯಾಲ ನಮ್ಮ ಹೊಲ ಸವಳಾತು. ಬ್ಯಾಸಗ್ಯಾಗ ಸುಣ್ಣ ಬಳದಂಗ ಕಾಣ್ತದ. ಉಪ್ಪುನೀರಾಗ ಬೆಳೆಯೋ ಭತ್ತ ಅದ ಅಂತ ಬರದೀರಿ. ಎರಡು ಸೇರು ಬೀಜ ತರಿಸಿಕೊಡ್ರಿ. ಇನ್ನೊಂದು ಮಾತು. ಕಲಬುರಗಿ ಪತ್ರಿಕಿಯವರು ನೀವು, ಸಮುದ್ರದ ಸುದ್ದಿ ನಮಗ್ಯಾಕ? ಅವರ ಗದ್ದಿಗೆ ಉಪ್ಪುನೀರು ಬರ್ತದಂದ್ರ ಗಟ್ಟಿ ಗ್ವಾಡಿ ಕಟ್ಟಿದ್ರ ಮುಗೀತಲ್ಲ?"

ಅಕ್ಕಾರೇ, ನಮಸ್ಕಾರ.

ನಿಮ್ಮ ಪತ್ರ ಮೂರು ಸಲ ಓದಿದೆ. ಬೀಜದ ಮಾತು ಮೊದಲು ಹೇಳಿಬಿಡುತ್ತೇನೆ. ತರಿಸಿಕೊಡುವುದಿಲ್ಲ. ಅದು ನಿಮ್ಮ ಹೊಲದಲ್ಲಿ ಕೈ ಹಿಡಿಯುವುದಿಲ್ಲ ಎಂದು ನನಗೆ ಖಾತ್ರಿ ಇದೆ. ನಿಮ್ಮ ಒಂದು ವರ್ಷದ ದುಡಿಮೆ ಸುಮ್ನೆ ಹೋಗಬಾರದು. ಯಾಕೆ ಅಂತ ಹೇಳಬೇಕಾದರೆ ಮತ್ತೆ ಕುಮಟಾಕ್ಕೇ ಹೋಗಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಕುಮಟಾ ಹತ್ತಿರ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ನದಿಯೊಳಗೆ ಬರುತ್ತದೆ, ಎರಡು ಸಲ ಇಳಿಯುತ್ತದೆ. ಆ ದಂಡೆಯ ತಗ್ಗು ಗದ್ದೆಗಳೇ ಗಜನಿ. ಸುತ್ತ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ನೀರು ಏರುವಾಗ ಬಾಗಿಲು ಮುಚ್ಚಬೇಕು, ಇಳಿಯುವಾಗ ತೆರೆಯಬೇಕು. ಒಳಗಿನ ನೀರು ಆಗ ಹೊರಗೆ ಹರಿಯುತ್ತದೆ. ಇಡೀ ಬೇಸಾಯ ನಿಂತಿರುವುದು ಆ ಬಾಗಿಲಿನ ಮೇಲೆ.

ಬೇಸಿಗೆಯಲ್ಲಿ ಗದ್ದೆ ತುಂಬಾ ಉಪ್ಪು ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ 1000 ದಾಟಿದರೆ ಅದೇ ದೊಡ್ಡ ಸುದ್ದಿ ಅಲ್ವಾ? ಮಳೆ ಗದ್ದೆಯ ಉಪ್ಪನ್ನು ಕರಗಿಸುತ್ತದೆ, ನೀರು ಇಳಿಯುವ ಹೊತ್ತಿಗೆ ಅದು ಬಾಗಿಲಿನಿಂದ ಆಚೆ ಹೋಗುತ್ತದೆ. ನದಿಯೂ ಆಗ ಸಿಹಿಯಾಗಿರುತ್ತದೆ. ಆಮೇಲೆ ಮೊಳಕೆ ಬಂದ ಕಗ್ಗದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕಗ್ಗ ಎತ್ತರದ ತಳಿ. ನೆರೆ ಬಂದು ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ. ಉಳಿದ ಉಪ್ಪನ್ನು ತಡೆದುಕೊಳ್ಳುತ್ತದೆ.

ನಾನು ಅಲ್ಲಿಗೆ ಹೋದದ್ದು ಕೊಯ್ಲಿನ ಹೊತ್ತಿಗೆ. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಿದ್ದರು. ಹುಲ್ಲು ಯಾಕೆ ಬಿಡ್ತೀರಿ ಅಂತ ಕೇಳಿದೆ. ಕಣಕಿಯನ್ನು ಒಂದು ಕಡ್ಡಿ ಬಿಡದೆ ಬಣವೆ ಒಟ್ಟುವ ಊರಿನವನು ನಾನು, ಕೇಳದೆ ಇರಲಾಗಲಿಲ್ಲ. "ಅದು ಮೀನಿಗೆ, ಹಕ್ಕಿಗೆ" ಅಂದರು. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನಿನ ಮರಿ, ಸೀಗಡಿ ಮರಿ ಬರುತ್ತವೆ. ಕೊಳೆತ ಹುಲ್ಲಿನಲ್ಲಿ ಹುಟ್ಟುವ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತವೆ. ಬೇಸಿಗೆ ತನಕ ಅದೇ ಗದ್ದೆಯಲ್ಲಿ ಮೀನಿನ ಫಸಲು. ಅವು ಬಿಟ್ಟ ಹೊಲಸೇ ಮುಂದಿನ ಭತ್ತಕ್ಕೆ ಗೊಬ್ಬರ. ಕೇರಳದ ಪೊಕ್ಕಾಳಿ ಗದ್ದೆಗಳದೂ ಇದೇ ಕ್ರಮ. ಗೋವಾದಲ್ಲಿ ಇಂಥ ಗದ್ದೆಗೆ ಖಜಾನ್ ಅನ್ನುತ್ತಾರೆ.

ಈಗ ನಿಮ್ಮ ಹೊಲಕ್ಕೆ ಬನ್ನಿ. ಅಲ್ಲಿನ ಉಪ್ಪು ಹೊರಗಿನಿಂದ ಬಂದದ್ದಲ್ಲ. ನೆಲದೊಳಗೇ ಇತ್ತು. ನಿಮ್ಮ ನಾಲಾಕ್ಕೆ, ಅಂದರೆ ಕಾಲುವೆಗೆ, ನೀರು ಕೊಡುವ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಹಾಕಿದಾಗ ನಮ್ಮ ಎರೆ ನೆಲಕ್ಕೆ ಇಷ್ಟೊಂದು ಭತ್ತ ಬರುತ್ತದೆ ಎಂಬ ಲೆಕ್ಕ ಇರಲಿಲ್ಲ. ಕಡಿಮೆ ನೀರಿನ ಬೆಳೆಗಳಿಗೆ ಅಂತ ಯೋಜನೆ. ನೀರು ಕಂಡ ಮೇಲೆ ನಾಲಾದ ಮೇಲ್ಭಾಗದವರು ಭತ್ತ ಹಚ್ಚಿದರು. ಅವರನ್ನೂ ನಾನು ಬೈಯುವುದಿಲ್ಲ, ಅಷ್ಟು ವರ್ಷ ಬರ ಉಂಡವರು. ಆದರೆ ಅವರ ಗದ್ದೆಯ ನೀರು ಬಸಿದು ನಿಮ್ಮ ತಗ್ಗಿಗೆ ಬಂತು. ಎರೆ ಮಣ್ಣು ನೀರು ಬೇಗ ಬಿಡುವುದಿಲ್ಲ. ನೆಲದೊಳಗಿನ ನೀರು ಮೇಲೇರಿತು, ಉಪ್ಪನ್ನೂ ಹೊತ್ತು ತಂದಿತು. ಬಿಸಿಲಿಗೆ ನೀರು ಆರಿತು, ಉಪ್ಪು ಮೇಲೆ ಉಳಿಯಿತು. ಅದೇ ನಿಮ್ಮ ಸುಣ್ಣ.

ಕುಮಟಾದ ಗದ್ದೆಯಲ್ಲಿ ಉಪ್ಪು ತೊಳೆಯುವುದಕ್ಕೆ ಮಳೆ ಇದೆ, ಹೊರಗೆ ಹಾಕುವುದಕ್ಕೆ ಬಾಗಿಲು ಇದೆ. ನಿಮ್ಮ ಹೊಲಕ್ಕೆ ನೀರು ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ. ಯಾವ ಬೀಜ ಹಾಕಿದರೂ ಉಪ್ಪು ವರ್ಷ ವರ್ಷ ಏರುತ್ತಲೇ ಹೋಗುತ್ತದೆ.

ಹಾಗಂತ ಕರಾವಳಿಯ ಈ ತಳಿಗಳಿಂದ ನಮಗೆ ಉಪಯೋಗವೇ ಇಲ್ಲ ಅಂತಲ್ಲ. ಪೊಕ್ಕಾಳಿ ಭತ್ತದ ಉಪ್ಪು ತಡೆಯುವ ಗುಣವನ್ನು ವಿಜ್ಞಾನಿಗಳು ಬೇರೆ ತಳಿಗಳಿಗೆ ಸೇರಿಸಿದ್ದಾರೆ. ಹರಿಯಾಣದ ಕರ್ನಾಲ್‌ನಲ್ಲಿ ಸವಳು ನೆಲದ ಮೇಲೆ ಕೆಲಸ ಮಾಡಲೆಂದೇ 1969ರಿಂದ ಒಂದು ಕೇಂದ್ರ ಸಂಸ್ಥೆ ಇದೆ. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲೂ ಈ ಕೆಲಸ ನಡೆಯುತ್ತದೆ. ಸಮುದ್ರದ ಗದ್ದೆ ಹಾಳಾದರೆ ಮುಂದೆ ಇಂಥ ಗುಣ ಹುಡುಕಲು ಎಲ್ಲಿಗೆ ಹೋಗುವುದು? ಕಲಬುರಗಿಯ ಪತ್ರಿಕೆ ಸಮುದ್ರದ ಸುದ್ದಿ ಬರೆಯಲು ನನಗೆ ಇಷ್ಟೇ ಕಾರಣ ಸಾಕು.

ಇನ್ನು ಗೋಡೆಯ ಮಾತು. 1970ರ ದಶಕದಲ್ಲಿ ಅಲ್ಲಿ ಸರ್ಕಾರ ಕಾಯಂ ಒಡ್ಡು ಕಟ್ಟಿಸಿತು. ಆದರೆ ಒಡ್ಡು ಎಷ್ಟು ಗಟ್ಟಿ ಇದ್ದರೂ ವರ್ಷ ವರ್ಷ ನೋಡಿಕೊಳ್ಳುವವರು ಬೇಕು. 1990ರ ದಶಕದಲ್ಲಿ ಸೀಗಡಿಗೆ ಬೆಲೆ ಬಂತು. ಗುತ್ತಿಗೆ ಹಿಡಿದವರಿಗೆ ಬೇಕಾದದ್ದು ಉಪ್ಪುನೀರು. ಭತ್ತಕ್ಕೆ ಮುಚ್ಚಬೇಕಾದ ಹೊತ್ತಿನಲ್ಲೂ ಬಾಗಿಲು ತೆರೆದೇ ಇತ್ತು. ಆಮೇಲೆ ಸೀಗಡಿಗೆ ರೋಗ ಬಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ದೊಡ್ಡ ಸೀಗಡಿ ಹೊಂಡಗಳನ್ನು ತೆಗೆಯಲು ಹೇಳಿತು, ಹಳೆಯ ಪದ್ಧತಿಯ ಸಾಕಣೆಯನ್ನು ಉಳಿಸಿತು. ಅಷ್ಟರಲ್ಲಿ ಎಷ್ಟೋ ಗಜನಿಗಳು ಪಾಳು ಬಿದ್ದಿದ್ದವು.

ಪೂರ್ತಿ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಒಡಿಶಾದ ಚಿಲಿಕಾ ಸರೋವರ ನೋಡಿ. ಅದು ಸಮುದ್ರಕ್ಕೆ ಅಂಟಿಕೊಂಡ ದೊಡ್ಡ ಉಪ್ಪುನೀರಿನ ಸರೋವರ. ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಕೊಂಡಿತು. ನೀರು ಸಿಹಿಯಾಗುತ್ತಾ ಹೋಯಿತು, ಕಳೆ ತುಂಬಿತು, ಮೀನು ಕಡಿಮೆಯಾಯಿತು, ಮೀನುಗಾರರ ಒಲೆ ಆರಿತು. 1993ರಲ್ಲಿ ಅದನ್ನು ಅಪಾಯದಲ್ಲಿರುವ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. 2000ದಲ್ಲಿ ಹೊಸ ಬಾಯಿ ತೋಡಿದರು. ಮೀನು ತಿರುಗಿ ಬಂತು. 2002ರಲ್ಲಿ ಚಿಲಿಕಾದ ಹೆಸರು ಆ ಪಟ್ಟಿಯಿಂದ ಹೊರಬಂತು. ಉಪ್ಪುನೀರು ಬರುವುದೇ ಅಂಥ ಜಾಗದ ಜೀವ, ಅಕ್ಕ. ಅಲೆಯ ಪೆಟ್ಟು ತಡೆಯಲು ಗೋಡೆಗಿಂತ ಕಾಂಡ್ಲಾ ಗಿಡ ವಾಸಿ. ಅದು ಉಪ್ಪು ಕೆಸರಿನಲ್ಲೇ ಬೆಳೆಯುತ್ತದೆ. ಗೋಡೆಗೆ ಬಡಿದ ಅಲೆ ಬುಡ ಕೊರೆಯುತ್ತದೆ, ಕಾಂಡ್ಲಾದ ಬೇರಿನಲ್ಲಿ ಸಿಕ್ಕ ಅಲೆ ಸೊರಗಿ ಮಣ್ಣು ಬಿಟ್ಟು ಹೋಗುತ್ತದೆ. ಅಳಿವೆಯಲ್ಲಿ ಒಡ್ಡಿನ ಹೊರಗೆ ಕಾಂಡ್ಲಾ ನೆಡುತ್ತಿರುವುದು ಇದಕ್ಕೇ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಅದರ ಜೊತೆಗೇ ನಮ್ಮ ಕಲ್ಯಾಣ ಕರ್ನಾಟಕದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಸೇರಿತು. ಆ ದಿನ ನನಗೆ ಹಬ್ಬ ಆದಂತಾಗಿತ್ತು. ಆದರೆ ಪಟ್ಟಿ ಸೇರಿದರೆ ಸಾಲದು. ಗಜನಿಯಲ್ಲಿ ಬಿತ್ತುವವರು ಇರಬೇಕು, ಬಾಗಿಲು ಕಾಯುವವನಿಗೆ ಕೂಲಿ ಸಿಗಬೇಕು, ಕಗ್ಗದ ಅಕ್ಕಿಗೆ ಒಳ್ಳೆಯ ಬೆಲೆ ಬರಬೇಕು.

ಈಗ ನಿಮ್ಮ ನಾಲ್ಕು ಎಕರೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಭೀಮರಾಯನಗುಡಿ ಕೃಷಿ ಕಾಲೇಜು ನಿಮಗೆ ದೂರವಲ್ಲ, ಅಲ್ಲಿ ವಿಚಾರಿಸಿ. ಬರೀ ಸವಳೋ, ಕ್ಷಾರವೂ ಇದೆಯೋ ಕೇಳಿ. ಕ್ಷಾರ ಇದ್ದರೆ ಜಿಪ್ಸಮ್ ಹಾಕಲು ಹೇಳುತ್ತಾರೆ. ಆದರೆ ನೀರು ಹೊರಗೆ ಬಸಿದು ಹೋಗುವ ಬಸಿಗಾಲುವೆ ತೋಡದೆ ಜಿಪ್ಸಮ್ ಹಾಕಿದರೆ ದುಡ್ಡು ಮಣ್ಣಿಗೆ ಹೋದಂತೆ. ರಂಧ್ರದ ಪೈಪು ನೆಲದೊಳಗೆ ಹೂತು ನೀರು ಬಸಿಯುವ ವಿಧಾನವೂ ಇದೆ, ಗಂಗಾವತಿಯಲ್ಲಿ ನೋಡಬಹುದು. ಅದಕ್ಕೆ ಖರ್ಚು ಜಾಸ್ತಿ. ಬಸಿಗಾಲುವೆ ಆದ ಮೇಲೆ ಹಸಿರು ಗೊಬ್ಬರದ ಗಿಡ ಡಯಂಚಾ ಬಿತ್ತಿ ಹಸಿರಾಗಿಯೇ ಮಣ್ಣಿಗೆ ಸೇರಿಸಿ. ತೊಗರಿಗೆ ಇನ್ನೂ ಕೆಲವು ವರ್ಷ ಆಸೆ ಪಡಬೇಡಿ, ಅದಕ್ಕೆ ಉಪ್ಪೂ ಆಗುವುದಿಲ್ಲ, ನಿಂತ ನೀರೂ ಆಗುವುದಿಲ್ಲ. ಹತ್ತಿ ಸ್ವಲ್ಪ ತಡೆಯುತ್ತದೆ.

ಬಸಿಗಾಲುವೆ ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ನಿಮ್ಮ ನೀರು ಪಕ್ಕದವರ ಬದು ದಾಟಿ ಹಳ್ಳ ಸೇರಬೇಕು. ಗಜನಿಯವರು ಒಂದು ಬಾಗಿಲಿಗಾಗಿ ಕೂಡಿ ಕೂರುತ್ತಾರೆ, ಯಾಕಂದರೆ ಒಂದು ಕಡೆ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ನಿಮ್ಮ ಮೇಲಿನವರು, ಕೆಳಗಿನವರು, ನೀವು ಹಾಗೆ ಕೂಡಿ ಕೂರಬೇಕು. ಕರೆದರೆ ನಾನೂ ಬರುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹೊಲದಿಂದ ಹಳ್ಳ ಎಷ್ಟು ದೂರ, ನಡುವೆ ಎಷ್ಟು ಜನರ ಹೊಲ ಬರುತ್ತವೆ, ಹಳ್ಳದ ತಳ ನಿಮ್ಮ ಹೊಲಕ್ಕಿಂತ ಎಷ್ಟು ತಗ್ಗಿದೆ, ನೋಡಿ ಬರೆಯಿರಿ.

ನಿಮ್ಮ ತಮ್ಮ,
ಸಂಪಾದಕ