ಬೇರೆ ದೇಶದ ಅಂತರ್ಯುದ್ಧವನ್ನು ವಿದೇಶಾಂಗ ನೀತಿಯಿಂದ ತಡೆಯಬಹುದೇ?

ತಡೆಯಬಹುದು. ಆದರೆ ಗುಂಡು ಹಾರುವ ಮೊದಲೇ, ಇಲ್ಲವೇ ಮೊದಲ ಕೆಲವು ವಾರಗಳಲ್ಲೇ ಮುಂದಾಗಬೇಕು.

ಕೀನ್ಯಾವನ್ನೇ ನೋಡಿ. 2007ರ ಡಿಸೆಂಬರ್ ಚುನಾವಣೆಯ ಫಲಿತಾಂಶದ ಮೇಲೆ ಜಗಳ ಹೊತ್ತಿಕೊಂಡು ಸಾವಿರಕ್ಕೂ ಜಾಸ್ತಿ ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಆಫ್ರಿಕನ್ ಒಕ್ಕೂಟದ ಪರವಾಗಿ ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ರಾಜಿ ಮಾಡಿಸಲು ರಾಜಧಾನಿ ನೈರೋಬಿಗೆ ಹೋಗಿ ಕೂತರು. ನನ್ನ ಪ್ರಕಾರ ಇಲ್ಲಿ ಕೆಲಸ ಮಾಡಿದ್ದು ಒಗ್ಗಟ್ಟು. ಹೊರಗಿನ ದೇಶಗಳು ತಲೆಗೊಂದು ಮಾತಾಡದೆ ಅನ್ನಾನ್ ಬೆನ್ನಿಗೆ ನಿಂತವು. ರಾಜಿಗೆ ಅಡ್ಡ ಬರುವ ನಾಯಕರಿಗೆ ವೀಸಾ ಇಲ್ಲ ಎಂದು ಅಮೆರಿಕ ಎಚ್ಚರಿಸಿತು. ಸುಮ್ನೆ ಖಂಡಿಸಿ ಹೇಳಿಕೆ ಕೊಡುವುದಕ್ಕಿಂತ ಇದು ನೇರವಾಗಿ ನಾಯಕರಿಗೇ ತಟ್ಟುತ್ತದೆ, ಅಲ್ವಾ? 2008ರ ಫೆಬ್ರವರಿ 28ರಂದು ಒಪ್ಪಂದವಾಯಿತು. ಕಿಬಾಕಿ ಅಧ್ಯಕ್ಷರಾಗಿ ಉಳಿದರು, ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಒಡಿಂಗಾ ಪ್ರಧಾನಿಯಾದರು.

ಮ್ಯಾಸಿಡೋನಿಯಾದಲ್ಲಿ (ಈಗಿನ ಉತ್ತರ ಮ್ಯಾಸಿಡೋನಿಯಾ) ಇನ್ನೂ ಬೇಗ ಎಚ್ಚೆತ್ತರು. ಅದರಂತೆಯೇ ಯುಗೊಸ್ಲಾವಿಯಾದಿಂದ ಬೇರೆಯಾದ ಬೋಸ್ನಿಯಾ ಉರಿಯುತ್ತಿದ್ದಾಗ, 1992ರ ಡಿಸೆಂಬರ್‌ನಲ್ಲಿ, ಇಲ್ಲಿ ಯುದ್ಧ ಶುರುವಾಗುವ ಮೊದಲೇ ಶಾಂತಿಪಡೆ ಕಳಿಸಲು ವಿಶ್ವಸಂಸ್ಥೆ ಒಪ್ಪಿತು. ಸುಮಾರು ಸಾವಿರ ಸೈನಿಕರು, ಅಷ್ಟೇ. 1999ರಲ್ಲಿ ಚೀನಾದ ವೀಟೊದಿಂದ ಪಡೆ ವಾಪಸಾಯಿತು. 2001ರಲ್ಲಿ ಅಲ್ಲಿನ ಅಲ್ಪಸಂಖ್ಯಾತ ಅಲ್ಬೇನಿಯನ್ನರ ಬಂಡಾಯ ಎದ್ದಿತು. ಐರೋಪ್ಯ ಒಕ್ಕೂಟ, ನ್ಯಾಟೊ ಮತ್ತು ಅಮೆರಿಕ ಬೇಗನೆ ಮಧ್ಯೆ ಬಂದವು. ಆಗಸ್ಟ್‌ನಲ್ಲೇ ಓಹ್ರಿಡ್ ಒಪ್ಪಂದವಾಗಿ, ಅಲ್ಬೇನಿಯನ್ನರ ಭಾಷೆಗೆ ಮಾನ್ಯತೆ, ಪೊಲೀಸ್ ಕೆಲಸದಲ್ಲಿ ಪಾಲು ಸಿಗುವ ದಾರಿಯಾಯಿತು.

ಬಂಡುಕೋರರ ಹಣಕ್ಕೆ ತಡೆ ಹಾಕುವುದೂ ಒಂದು ದಾರಿ. ಕಚ್ಚಾ ವಜ್ರ ಬಂಡುಕೋರರಿಂದ ಬಂದದ್ದಲ್ಲ ಎಂಬ ಪ್ರಮಾಣಪತ್ರ ಕೇಳುವ, 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ವ್ಯವಸ್ಥೆ ವಜ್ರದ ವ್ಯಾಪಾರದಲ್ಲಿ ಅದಕ್ಕೇ ಪ್ರಯತ್ನಿಸಿತು.

ತಪ್ಪು ನಿರ್ಧಾರ ಬೆಂಕಿ ಹಚ್ಚುವುದೂ ಉಂಟು. 2011ರಲ್ಲಿ ನ್ಯಾಟೊ ದಾಳಿಯ ನೆರವಿನಿಂದ ಲಿಬಿಯಾದಲ್ಲಿ ಗಡಾಫಿ ಆಡಳಿತ ಬಿತ್ತು. ಆಯುಧದ ಗೋದಾಮುಗಳನ್ನು ಕಾಯುವವರೇ ಇರಲಿಲ್ಲ. ಆ ಬಂದೂಕುಗಳು ಮರುಭೂಮಿ ದಾಟಿದವು, 2012ರ ಜನವರಿಯಲ್ಲಿ ಮಾಲಿಯಲ್ಲಿ ಬಂಡಾಯ ಶುರುವಾಯಿತು.