ದನಿ ಏರಿಸದವರ ಕಸುಬು

ಓದುಗರೊಬ್ಬರ ಪತ್ರ: ‘ವೆಬ್‌ಕ್ಯಾಮ್ ಮುಂದೆ ನೇರಪ್ರಸಾರ ನಡೆಸುವ ಕಲಾವಿದೆಯೊಬ್ಬರನ್ನು ಎರಡು ತಾಸು ನೋಡಿದೆ. ಒಮ್ಮೆಯೂ ದನಿ ಏರಲಿಲ್ಲ. ಪ್ರಶ್ನೆ ಕೇಳುತ್ತಾರೆ, ಸುಮ್ಮನಾಗುತ್ತಾರೆ, ನೀರು ಕುಡಿಯುತ್ತಾರೆ. ನೋಡುಗರನ್ನು ಹಿಡಿದಿಡುವ ಹುರುಪೇ ಇಲ್ಲ. ಇದೂ ಒಂದು ನಿರೂಪಣೆಯೇ?’

ಹೌದು, ಇದೇ ನಿರೂಪಣೆ. ಹಿಡಿದಿಡಲಿಲ್ಲ ಎನ್ನುವ ನೀವೇ ಎರಡು ತಾಸು ಕದಲಲಿಲ್ಲವಲ್ಲ! ಪಂದ್ಯದ ಕೊನೆಯ ಗಳಿಗೆಯಲ್ಲೋ ಹರಾಜಿನಲ್ಲೋ ಏರುದನಿ ಬೇಕು, ಒಪ್ಪುತ್ತೇನೆ. ಆದರೆ ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಹೋಗುವ ಮಾತಿಗೆ ಆ ಅಳತೆ ಹೊಂದುವುದಿಲ್ಲ.

ನಿಮಗೆ ಸಪ್ಪೆ ಎನಿಸಿದ ಆ ಮೌನವನ್ನೇ ನೋಡಿ. ನೇರಪ್ರಸಾರ ಎಂದರೂ ಚಿತ್ರ ಆ ಕ್ಷಣಕ್ಕೇ ತಲುಪುವುದಿಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ 10ರಿಂದ 30 ಸೆಕೆಂಡ್ ತಡ. ತಡ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿದರೂ 2ರಿಂದ 5 ಸೆಕೆಂಡ್. ಐದು ಎಂದೇ ಹಿಡಿಯೋಣ. ಕೇಳಿಸಿಕೊಂಡವರು ಯೋಚಿಸಲು ನಾಲ್ಕು, ಫೋನಿನಲ್ಲಿ ಒಂದು ಸಾಲು ಒತ್ತಲು ಎಂಟು. ಮೊದಲ ಉತ್ತರ ಕಾಣುವಾಗ 17 ಸೆಕೆಂಡ್ ಕಳೆದಿರುತ್ತದೆ. ಎದುರುಬದುರು ಕೂತವರ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸುಮಾರು 0.2 ಸೆಕೆಂಡ್ ಎಂದು 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಅಧ್ಯಯನ ತೋರಿಸಿತು. ಆ ಲಯಕ್ಕೆ ಪಳಗಿದ ಜೀವಕ್ಕೆ 17 ಸೆಕೆಂಡ್ ಎಂದರೆ ಯುಗ. ಹೊಸಬರು ಮೂರನೆಯ ಸೆಕೆಂಡಿಗೇ ‘ಯಾರೂ ಇಲ್ವಾ? ಮಾತಾಡ್ರಪ್ಪಾ’ ಎಂದು ಗದರುತ್ತಾರೆ. ಆ ಗದರಿಕೆ ಅರ್ಧ ಬರೆದವರ ಕಿವಿಗೆ ಬಿದ್ದು, ಅವರು ಬರೆದದ್ದನ್ನು ಅಳಿಸುತ್ತಾರೆ. ಗಾಬರಿಯಲ್ಲಿ ಎರಡನೆಯ ಪ್ರಶ್ನೆ ಕೇಳಿದರಂತೂ ಮೊದಲನೆಯದರ ಉತ್ತರ ಅದರ ಕೆಳಗೆ ಬಂದು ಕಲಸುಮೇಲೋಗರ. ಪಳಗಿದವರು ಒಂದೇ ಪ್ರಶ್ನೆ ಕೇಳಿ ಕೈಗೆ ಕೆಲಸ ಕೊಡುತ್ತಾರೆ. ತಂತಿ ಬಿಗಿಮಾಡುತ್ತಾರೆ, ಕುಂಚ ತೊಳೆಯುತ್ತಾರೆ, ತಮ್ಮದೇ ಉತ್ತರವನ್ನು ಎರಡು ವಾಕ್ಯದಲ್ಲಿ ಹೇಳುತ್ತಾರೆ. ನೀವು ಕಂಡ ಆ ನೀರಿನ ಲೋಟವೂ ಅದಕ್ಕೇ.

ಉತ್ತರ ಬಂದ ಮೇಲೂ ಒಂದು ಕ್ರಮವಿದೆ. ಹಿಡಿದ ವಾಕ್ಯ ಮುಗಿಸುವುದು, ಬರೆದವರ ಹೆಸರು ಓದುವುದು, ಬರೆದದ್ದನ್ನು ಬಾಯಿಬಿಟ್ಟು ಹೇಳುವುದು, ಆಮೇಲೆ ಕಣ್ಣೆತ್ತಿ ಲೆನ್ಸ್ ನೋಡುತ್ತ ಮಾತಾಡುವುದು. ಹೇಳದೆ ಉತ್ತರಿಸಿದರೆ ಈಗಷ್ಟೇ ಬಂದವರಿಗೆ ತಲೆಬುಡ ತಿಳಿಯುವುದಿಲ್ಲ. ಕೆಟ್ಟ ಸಂದೇಶವನ್ನು ಮಾತ್ರ ಓದಬಾರದು. ಓದಿದರೆ ವೇದಿಕೆ ಅವರದಾಗುತ್ತದೆ. ಖಾಸಗಿ ವಿವರ ಕೇಳಿದವರಿಗೆ ‘ಅದನ್ನು ಇಲ್ಲಿ ಹೇಳಲ್ಲ’ ಎಂದು ಅದೇ ದನಿಯಲ್ಲಿ ಒಂದೇ ಮಾತು, ಮುಂದಿನ ಹೆಸರು. ಕಾರಣ ವಿವರಿಸಲು ಹೊರಟಿರೋ, ಚೌಕಾಸಿ ಶುರು.

ಮೆಲುದನಿಗೆ ಸಲಕರಣೆಯೂ ಹೆಚ್ಚು ಹದವಾಗಿರಬೇಕು. ಕಿರುಚುವವರಿಗೆ ಲ್ಯಾಪ್‌ಟಾಪಿನ ಮೈಕೇ ಸಾಕು. ಮೆಲ್ಲಗೆ ಆಡುವವರು ಅಷ್ಟು ದೂರದ ಮೈಕಿನ ಗೇನ್, ಅಂದರೆ ಸದ್ದು ಹಿಗ್ಗಿಸುವ ಮಟ್ಟ, ಏರಿಸಿದರೆ ಫ್ಯಾನಿನ ಸದ್ದು, ಗೋಡೆಯ ಮಾರ್ದನಿ ಎಲ್ಲವೂ ಜೊತೆಗೇ ಏರುತ್ತವೆ. ಮೈಕ್ ಬಾಯಿಂದ 15 ಸೆಂ.ಮೀ. ದೂರ, ತುಸು ಓರೆಗಿರಲಿ. ಆಗ ಪ, ಬ ಅಕ್ಷರಗಳ ಗಾಳಿ ನೇರ ಬಡಿಯುವುದಿಲ್ಲ. ಇಷ್ಟು ಹತ್ತಿರದಲ್ಲಿ ಕಾರ್ಡಿಯಾಯ್ಡ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ದನಿಯನ್ನು ಗುಮ್ಮೆನ್ನಿಸುವುದರಿಂದ 80 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಸದ್ದನ್ನು ಕತ್ತರಿಸಿ. ಎಲ್ಲಕ್ಕಿಂತ ದೊಡ್ಡ ಶತ್ರು ನಾಯ್ಸ್ ಗೇಟ್, ಅಂದರೆ ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಅದನ್ನು ತಡೆಯುವ ಸೆಟ್ಟಿಂಗ್. ಅದನ್ನು ಬಿಗಿಯಾಗಿಟ್ಟರೆ ವಾಕ್ಯದ ಕೊನೆಯಲ್ಲಿ ಇಳಿಯುವ ದನಿ ಮಾಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಕೂತಿರುತ್ತದೆ. ‘ನಾಳೆ ಇದೇ ಹೊತ್ತಿಗೆ ಬರ್ತೀನಿ’ ಅಂದರೋ ‘ಬರಲ್ಲ’ ಅಂದರೋ ತಿಳಿಯುವುದೇ ಇಲ್ಲ. ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಮಟ್ಟ ನೋಡಿ, ಗೇಟನ್ನು ಅದಕ್ಕಿಂತ ಸ್ವಲ್ಪವೇ ಮೇಲಿಟ್ಟು, ಮುಚ್ಚಿಕೊಳ್ಳಲು 200–300 ಮಿಲಿಸೆಕೆಂಡ್ ಕೊಡಬೇಕು. ಚಾಟ್ ಕಿಟಕಿ ಲೆನ್ಸಿನ ಅಡಿಯಲ್ಲೇ ಇರಲಿ. ಪಕ್ಕದಲ್ಲಿಟ್ಟರೆ ನಿರೂಪಕರು ಇಡೀ ಹೊತ್ತು ಬೇರೆ ಯಾರನ್ನೋ ನೋಡುತ್ತಿದ್ದಂತೆ ಕಾಣುತ್ತದೆ.

ಈ ರೀತಿ ಹೊಸದೂ ಅಲ್ಲ. 1933ರ ಮಾರ್ಚ್ 12ರಂದು ಅಮೆರಿಕದ ಬ್ಯಾಂಕುಗಳೆಲ್ಲ ಮುಚ್ಚಿದ್ದಾಗ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೊದಲ್ಲಿ ಭಾಷಣ ಬಿಗಿಯಲಿಲ್ಲ. ಬ್ಯಾಂಕ್ ಹೇಗೆ ಕೆಲಸ ಮಾಡುತ್ತದೆಂದು ನಿಧಾನವಾಗಿ ಬಿಡಿಸಿ ಹೇಳಿದರು. ಬ್ಯಾಂಕುಗಳು ಮತ್ತೆ ತೆರೆದಾಗ ಜನ ಹಣ ತಂದು ಕಟ್ಟಿದರು. 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು, ಟಿವಿಯಲ್ಲಿ ಎದುರಿಗೇ ಕೂತಂತೆ ಹರಟುವವರನ್ನು ನೋಡುಗರು ಪರಿಚಿತರೆಂದೇ ಭಾವಿಸುವುದನ್ನು ಗುರುತಿಸಿ ಬರೆದರು. ಇನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿನಿ ಜೆನ್ನಿಫರ್ ರಿಂಗ್ಲಿ 1996ರಲ್ಲಿ ಕೋಣೆಯಲ್ಲಿಟ್ಟ ವೆಬ್‌ಕ್ಯಾಮ್ ಕಳಿಸುತ್ತಿದ್ದುದು ಕೆಲವು ನಿಮಿಷಕ್ಕೊಂದರಂತೆ ಸ್ಥಿರಚಿತ್ರ. ಮಾತೇ ಇಲ್ಲ. ಆದರೂ 2003ರ ಕೊನೆಯವರೆಗೆ ಜನ ನೋಡಿದರು.

ತಪ್ಪು ನಿಮ್ಮದೊಬ್ಬರದೇ ಅಲ್ಲ. ಚರ್ಚೆ ಎಂದರೆ ಒಬ್ಬರ ಮೇಲೊಬ್ಬರು ಬಿದ್ದು ಅರಚುವುದು ಎಂದು ಟಿವಿ ಕಲಿಸಿದೆ. ಜಾಹೀರಾತಿನ ಅಬ್ಬರ ಕಾರ್ಯಕ್ರಮದ ಸದ್ದನ್ನು ಮೀರಬಾರದೆಂದು ಅಮೆರಿಕ 2010ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕಿವಿ ಕೆಡಿಸಿಕೊಂಡ ನಾವು ಉಸಿರಾಡಲು ಬಿಡುವು ಕೊಟ್ಟವರನ್ನೇ ಸೋಮಾರಿ ಎನ್ನುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮುಂದಿನ ಸಲ ಆಕೆ ಪ್ರಶ್ನೆ ಕೇಳಿ ಲೋಟ ಎತ್ತಿದಾಗ ಬೇಸರಪಡಬೇಡಿ. ಒಂದು ಸಾಲು ಬರೆಯಿರಿ. ಆಕೆ ಕಾಯುತ್ತಿರುವುದು ಅದಕ್ಕೇ.