ಟಿವಿಯಲ್ಲಿ ನೋಡಿದ್ದು ಪರೀಕ್ಷೆಯಲ್ಲಿ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ದಾನಿಗಳಿಂದ ನಮ್ಮ ಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ. ಹತ್ತನೇ ತರಗತಿಗೆ ವಿದ್ಯುತ್ ಪಾಠವನ್ನು ವಿಡಿಯೊ ತೋರಿಸಿಯೇ ಮಾಡಿದೆ. ಮಕ್ಕಳು ಕದಲದೆ ನೋಡಿದರು, ‘ಅರ್ಥ ಆಯ್ತು ಮಿಸ್’ ಎಂದರು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ ಉತ್ತರವೇ ಬರಲಿಲ್ಲ. ಮತ್ತೆ ಚಾಕ್‌ಪೀಸಿಗೇ ಮರಳಲೇ?

ಉತ್ತರ: ಟಿವಿ ಬಿಡಬೇಡಿ, ಆದರೆ ತೋರಿಸುವ ಮೊದಲು ಕೇಳಿ. ಒಳ್ಳೆಯ ವಿಡಿಯೊ ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತದೆ, ಮಗುವಿಗೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಸಲೀಸಾಗಿ ನೋಡಿದ್ದನ್ನೇ ಅರ್ಥವಾಯಿತೆಂದು ಮಕ್ಕಳು ನಂಬುತ್ತಾರೆ. ಅವರು ನಿಮಗೆ ಸುಳ್ಳು ಹೇಳಿಲ್ಲ.

ನಿಮ್ಮ ಪಾಠವನ್ನೇ ತೆಗೆದುಕೊಳ್ಳಿ. ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದು, ಜೋಡಿಸಿದ ಚಿತ್ರ ಹಾಕಿ, ‘ಯಾವುದು ಹೆಚ್ಚು ಬೆಳಗುತ್ತದೆ, ಯಾಕೆ?’ ಎಂದು ಕೇಳಿ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ‘ಮೊದಲನೆಯದು, ಕರೆಂಟ್ ಅಲ್ಲೇ ಸ್ವಲ್ಪ ಖರ್ಚಾಗುತ್ತದೆ’ ಎಂದು ಬರೆಯುವವರು ಹಲವರಿರುತ್ತಾರೆ. ನಿಜಕ್ಕೂ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್, ಬೆಳಕೂ ಒಂದೇ ಸಮ. ಆದರೆ ಈ ತಪ್ಪು ಕಲ್ಪನೆ ಬಲು ಗಟ್ಟಿ. ಟಾರ್ಚ್ ಬಲ್ಬುಗಳನ್ನು ಉರಿಸಿ ತೋರಿಸೋಣವೆಂದರೆ ಅಲ್ಲೊಂದು ತೊಡಕಿದೆ: ಎರಡು ಬಲ್ಬುಗಳು ಪೂರ್ತಿ ಒಂದೇ ಸಮ ಇರುವುದು ಅಪರೂಪ. ಮೊದಲನೆಯದೇ ತುಸು ಹೆಚ್ಚು ಬೆಳಗಿಬಿಟ್ಟರೆ ಮಗುವಿನ ತಪ್ಪಿಗೇ ಸಾಕ್ಷಿ ಸಿಕ್ಕಂತೆ. ಟಿವಿ ಕೈಹಿಡಿಯುವುದು ಇಂಥ ಕಡೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ‘ಫೆಟ್’ (PhET) ಎಂಬ, ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳು ಉಚಿತ, ಡೌನ್‌ಲೋಡ್ ಮಾಡಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಅದರಲ್ಲಿ ಕರೆಂಟ್ ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಕೊನೆಗೆ ಇಟ್ಟು ನೋಡಲಿ. ಮೂರು ಕಡೆಯೂ ಒಂದೇ ಅಳತೆ. ಮೌಸ್ ಮಕ್ಕಳ ಕೈಯಲ್ಲಿರಲಿ. ಆಮೇಲೆ ತಾವು ಬರೆದದ್ದನ್ನು ತಾವೇ ತಿದ್ದಲಿ. ನಿಜವಾದ ಬಲ್ಬು, ಸೆಲ್ಲುಗಳನ್ನು ಆಗ ಕೈಗೆ ಕೊಡಿ. ಬೆಳಕು ಹೆಚ್ಚುಕಮ್ಮಿಯಾದರೆ ಬಲ್ಬುಗಳನ್ನು ಅದಲುಬದಲು ಮಾಡಿ ನೋಡುವ ಉಪಾಯ ಅವರಿಗೇ ಹೊಳೆಯಬಹುದು.

ಉಪಕರಣ ಬಂದ ಮಾತ್ರಕ್ಕೆ ಕಲಿಕೆ ಏರುವುದಿಲ್ಲ. ಪೆರು ದೇಶದ ಹಳ್ಳಿಶಾಲೆಗಳಲ್ಲಿ ಲ್ಯಾಪ್‌ಟಾಪ್ ಹಂಚಿದ ಮೇಲೂ ಗಣಿತ, ಭಾಷೆಯಲ್ಲಿ ಸುಧಾರಣೆ ಕಾಣಲಿಲ್ಲವೆಂದು 2012ರ ಅಧ್ಯಯನ ಹೇಳಿತು. ಆದರೆ ದೆಹಲಿಯಲ್ಲಿ ಮಗುವಿನ ಮಟ್ಟ ನೋಡಿ ಪ್ರಶ್ನೆ ಕೊಡುವ ‘ಮೈಂಡ್‌ಸ್ಪಾರ್ಕ್’ ಎಂಬ ಸಾಫ್ಟ್‌ವೇರ್ ಬಳಸಿದ ಕೇಂದ್ರಗಳ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಚೆನ್ನಾಗಿ ಮುಂದೆ ಬಂದರೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಲ್ಲಿ ಮಕ್ಕಳು ಸುಮ್ಮನೆ ನೋಡುತ್ತ ಕೂತಿರಲಿಲ್ಲ, ಉತ್ತರ ಕೊಡುತ್ತಿದ್ದರು.

ಇನ್ನೊಂದು ಮಾತು. ಪಾಠವಾಗಿ ವಾರ ಕಳೆದ ಮೇಲೆ, ಟಿವಿ ಆರಿಸಿ, ಪುಸ್ತಕ ಮುಚ್ಚಿಸಿ, ಅದೇ ಸರ್ಕಿಟ್ಟಿಗೆ ಮೂರನೇ ಬಲ್ಬು ಸೇರಿಸಿ ಕೇಳಿ. ಅಂಕ ಕೊಡಬೇಡಿ. ಎಡವಿದವರ ಜೊತೆ ಸಿಮ್ಯುಲೇಷನ್ ಇನ್ನೊಮ್ಮೆ ತೆರೆಯಿರಿ.